ನಮ್ಮ ಮನೆಯ ಡಂಗುರ

ನಮ್ಮವರು ಹೋಗುವ ಹಿಂದಿನ ದಿನ ಮಹಡಿ ಮನೆಯ ಬಚ್ಚಲಲ್ಲಿ ನಲ್ಲಿ ಬಿಚ್ಚಿಕೊಂಡು ಕೂತಿದ್ದರು. ನಲ್ಲಿ ಸೋರುತ್ತಿತ್ತು. ಆ ಮನೆಯಲ್ಲಿ ಬಾಡಿಗೆಗಿರುವವಳು ಟೈಲರಮ್ಮ. ಅವಳ ಹೊಲಿಗೆ ಮೆಷಿನ್ನಿನ ಸದ್ದನ್ನೂ ಮೀರಿ ಇವರ ಗಂಟಲು ಕೆಳಗೆ ನನ್ನ ಅಡುಗೆಮನೆಗೆ ಕೇಳುತ್ತಿತ್ತು.

"ಟೈಲರಮ್ಮಾ, ವಾಷರ್ ಹಾಕಿದೀನಿ. ಆದ್ರೆ ಇದು ನಿಲ್ಲೋದು ಡೌಟು. ನಾಳೆ ಸಂಜೆ ಬಂದು ನಲ್ಲೀನೇ ಬದಲಾಯಿಸ್ತೀನಿ. ಸಂಜೆ ಆಗತ್ತಾ, ಇಲ್ಲಾ ಗಿರಾಕಿಗಳು ಬರ್ತಾರಾ?"

"ಬನ್ನಿ ಅಣ್ಣಾ. ಗಿರಾಕಿ ಬಂದ್ರೆ ಅವರ ಜೊತೆ ನಿಮ್ಮ ಹೊಟ್ಟೆ ಅಳತೇನೂ ತಗೊಂಡುಬಿಡ್ತೀನಿ."

"ನಿಮ್ಮ ಟೇಪು ಸಾಲಲ್ಲ ತಾಯಿ!"

ನಗುತ್ತಾ ಇಳಿದು ಬಂದರು. ಕೈ ತೊಳೆದು ಊಟಕ್ಕೆ ಕೂತರು. ಉಪ್ಪು ಕಮ್ಮಿ ಅಂದರು. ಸರಿಯಾಗೇ ಇದೆ ಅಂದೆ. ಅಷ್ಟೇ. ಮರುದಿನ ಅಂಗಡಿಯಲ್ಲಿ, ಬೆಸುಗೆ ಹಾಕುತ್ತಿದ್ದ ಗೇಟಿನ ಪಕ್ಕದಲ್ಲಿ ಉಸ್ಸಂತ ಕೂತವರು ಮತ್ತೆ ಏಳಲಿಲ್ಲ.

ಅವರು ವೆಲ್ಡರ್. ಗೇಟು, ಕಿಟಕಿ ಕಂಬಿ ಮಾಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾವೂ ಬಾಡಿಗೆಯವರೇ. ಶೀಟಿನ ಮನೆ. ಒಂದು ದಿನ ಇಬ್ಬರೂ ಹೊರಗೆ ಹೋಗಿ ಬಂದು ಬೀಗ ತೆಗೆದರೆ ಮನೆ ತುಂಬ ಬಿಸಿಲು. ಮೇಲೆ ನೋಡಿದರೆ ಶೀಟೇ ಇಲ್ಲ. ಹಾಸಿಗೆ ಮೇಲೆ ಧೂಳು, ಪಾತ್ರೆಯೊಳಗೆ ಧೂಳು. ಓನರು ರಿಪೇರಿಗೆ ಆಳು ಹತ್ತಿಸಿದ್ದ. ಕೇಳಿದ್ದಕ್ಕೆ, "ನನ್ನ ಮನೆ, ನನ್ನ ಶೀಟು. ನಿಮಗ್ಯಾಕೆ ಹೇಳ್ಬೇಕು?" ಅಂದ. ನಾನು ಅತ್ತೆ. ಇವರು ಕೂತು ಪಾತ್ರೆ ತೊಳೆದರು. ಎಲ್ಲ ತೊಳೆದಾದ ಮೇಲೆ ಹೇಳಿದರು, "ಹೇಳಿದ್ರೆ ಹಾಸಿಗೆ ಆದ್ರೂ ಸುತ್ತಿಡ್ತಿದ್ವಿ. ಒಂದು ಮಾತು ಹೇಳೋಕೆ ಏನಾಗಿತ್ತು ಅವನಿಗೆ?"

ಆ ಸಿಟ್ಟು ಅವರಿಗೆ ಕೊನೆವರೆಗೂ ಇಳಿಯಲಿಲ್ಲ. ಆದರೆ ಅದನ್ನು ಯಾರ ಮೇಲೂ ಕಾರಲಿಲ್ಲ. ನಾವೇ ಮನೆ ಕಟ್ಟಿ, ಮಹಡಿಯನ್ನೂ ಹಿಂದಿನ ರೂಮನ್ನೂ ಬಾಡಿಗೆಗೆ ಕೊಡುವ ಹೊತ್ತಿಗೆ ಆ ಸಿಟ್ಟೇ ಅವರ ಗುಣವಾಗಿಬಿಟ್ಟಿತ್ತು. ಯಾರಾದರೂ ಮನೆ ನೋಡಲು ಬಂದರೆ ಮೊದಲು ಹುಳುಕು ತೋರಿಸುವರು.

"ಈ ಗೋಡೆ ಮಳೆಗಾಲದಲ್ಲಿ ತೇವ ಹಿಡಿಯತ್ತೆ. ಮಧ್ಯಾಹ್ನ ಈ ರೂಮಲ್ಲಿ ಬಿಸಿಲಿಗೆ ಕೂರೋಕಾಗಲ್ಲ. ಮೆಟ್ಟಿಲು ಕಡಿದು, ವಯಸ್ಸಾದೋರಿದ್ರೆ ಯೋಚನೆ ಮಾಡಿ. ಕೆಳಗೆ ನನ್ನ ಹೆಂಡತಿ ಮುಖ ಗಂಟು ಹಾಕ್ಕೊಂಡಿರ್ತಾಳೆ. ಸಿಟ್ಟಲ್ಲ ಅದು, ಮುಖಾನೇ ಹಾಗೆ."

ನನ್ನನ್ನೂ ಹುಳುಕಿಗೆ ಸೇರಿಸಿದ್ದರು. ಕೆಲವರು ಹಾಗೇ ತಿರುಗಿ ಹೋದರು. ಇದ್ದವರು ಮಾತ್ರ ಬಿಟ್ಟು ಹೋಗಲಿಲ್ಲ.

ಸುಣ್ಣ ಹೊಡೆಸುವುದಿದ್ದರೂ ಮೊದಲೇ ಹೇಳುವರು. ಹಿಂದಿನ ರೂಮಿನ ನರ್ಸು ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತಾಳೆ. ನಮ್ಮ ಗೋಡೆಗೆ ಮೊಳೆ ಹೊಡೆಯಲೂ ಅವಳನ್ನು ಕೇಳುವರು. ಬಾಡಿಗೆಯವರ ಬಾಗಿಲ ಹೊರಗೆ ನಿಂತು ಕೂಗಿ, ಬನ್ನಿ ಅನ್ನುವ ತನಕ ಒಳಗೆ ಕಾಲಿಡುತ್ತಿರಲಿಲ್ಲ. "ನಮ್ಮದೇ ಮನೆ ಅಲ್ವೇನ್ರೀ?" ಅಂದರೆ, "ಗೋಡೆ ನಮ್ಮದು ಕಣೇ. ಮನೆ ಅವರದ್ದು" ಅನ್ನುವರು. ಅವರು ಹಾಗಿದ್ದುದರಿಂದ ಬಾಡಿಗೆಯವರೂ ಹಾಗೇ. ಕಿಟಕಿ ಗಾಜು ಒಡೆದ ದಿನ ಟೈಲರಮ್ಮ ತಾನೇ ಇಳಿದು ಬಂದು ಹೇಳಿದಳು. ಮುಚ್ಚಿಡಲಿಲ್ಲ.

ಎಲ್ಲವನ್ನೂ ಸಾರಿಯೇ ಮಾಡುತ್ತಾರೆ ಅಂತ ಬೀದಿಯವರು ಅವರಿಗೆ ಡಂಗುರ ಅಂತ ಹೆಸರಿಟ್ಟರು. "ಡಂಗುರ ಇದಾರಾ?" ಅಂತ ಯಾರಾದರೂ ಬಾಗಿಲಲ್ಲಿ ಕೇಳಿದರೆ ಇವರೇ "ಇದಾರೆ ಬನ್ನಿ" ಅನ್ನುವರು. ಅವರ ಗೇಟುಗಳನ್ನು ಕಂಡು ಕೈ ಚಂದ ಅಂತ ಹೊಗಳಿದವರು ಬಹಳ. ನಾನು ಹೊಗಳುವುದು ಆ ಬಾಯನ್ನು.

ಅವರು ಹೋದ ಮೇಲೆ ಮನೆಯ ಬಾಯಿ ಕಟ್ಟಿತು. ಬಾಡಿಗೆಯವರ ಜೊತೆ ಮಾತು ಅವರ ಪಾಲಿನ ಕೆಲಸ. ನಾನು ಆಡಿದವಳಲ್ಲ.

ನಮಗೆ ಮಕ್ಕಳಿಲ್ಲ. ಮೈದುನನೇ ಮುಂದೆ ನಿಂತ. ಅವನ ಮನಸ್ಸು ಕೆಟ್ಟದ್ದಲ್ಲ. "ಅತ್ತಿಗೆ, ಇದನ್ನ ಮಾರಿ ನಮ್ಮನೆಗೆ ಬಂದುಬಿಡಿ. ಒಬ್ಬರೇ ಏನಂತ ನೋಡ್ಕೋತೀರಿ?" ಅಂದ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವನು ಅದನ್ನೇ ಹೂಂ ಅಂತ ತಿಳಿದ. "ಬಾಡಿಗೆಯವರ ಹತ್ರ ಮಾತ್ರ ಬಾಯಿ ಬಿಡಬೇಡಿ. ಗೊತ್ತಾದ್ರೆ ಬೇರು ಬಿಟ್ಕೊಂಡು ಕೂತ್ಬಿಡ್ತಾರೆ. ವ್ಯಾಪಾರ ಮುಗೀಲಿ, ಆಮೇಲೆ ಹೇಳೋಣ."

ಟೈಲರಮ್ಮ ನನ್ನನ್ನು ಕಂಡರೆ ತಲೆ ತಗ್ಗಿಸಿ ಹೋಗತೊಡಗಿದಳು. ಓನರು ಸತ್ತ, ಇನ್ನು ಇವಳದ್ದೇನು ಅಂತ ಇರಬೇಕು ಅಂದುಕೊಂಡೆ. ಒಂದು ಬೆಳಗ್ಗೆ ಅವಳು ಖಾಲಿ ರಟ್ಟಿನ ಡಬ್ಬಗಳನ್ನು ಮೇಲೆ ಹೊತ್ತೊಯ್ಯುವುದು ಕಂಡಿತು. ಸಾಮಾನು ಕಟ್ಟುತ್ತಿದ್ದಾಳೆ. ಒಂದು ಮಾತು ಹೇಳಲಿಲ್ಲವಲ್ಲ. ನಾನೂ ಮುಖ ತಿರುಗಿಸಿಕೊಂಡು ಒಳಗೆ ಹೋದೆ.

ಎರಡು ದಿನ ಕಳೆದು ಮೈದುನ ಒಬ್ಬ ಬ್ರೋಕರನ್ನೂ ಮನೆ ಕೊಳ್ಳುವ ಹಿರಿಯರೊಬ್ಬರನ್ನೂ ಕರೆದುಕೊಂಡು ಬಂದ. ಬ್ರೋಕರು ದಡದಡ ಮೆಟ್ಟಿಲು ಹತ್ತಿ ಟೈಲರಮ್ಮನ ಬಾಗಿಲು ತಳ್ಳಿ ಒಳಗೆ ನುಗ್ಗಿದ. ನಾವೂ ಹಿಂದೆ ಹೋದೆವು. ಅವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನೆಲದ ಮೇಲೆ ಬಟ್ಟೆ ಹರಡಿ ಕತ್ತರಿಸುತ್ತಿದ್ದಳು. ಅವನು ಅದರ ಮೇಲೇ ನಿಂತ.

"ಇದು ಹಾಲು ಸರ್. ಗಾಳಿ, ಬೆಳಕು ಫಸ್ಟ್ ಕ್ಲಾಸು. ಇವರನ್ನ ಖಾಲಿ ಮಾಡಿಸೋದು ನನಗೆ ಬಿಡಿ."

ಪಿನ್ನು ಕಚ್ಚಿದ ಬಾಯಿ, ಮಾತಾಡುವಂತಿಲ್ಲ. ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ಶೀಟಿಲ್ಲದ ಮನೆಯಲ್ಲಿ ನಿಂತು ನಾನೂ ಹಾಗೇ ಮೇಲೆ ನೋಡಿದ್ದೆ.

"ಕಾಲು ತೆಗೀರಿ" ಅಂದೆ.

"ಏನಮ್ಮಾ?"

"ಬಟ್ಟೆ ಮೇಲಿಂದ ಕಾಲು ತೆಗೀರಿ. ಆಚೆ ನಡೀರಿ. ಯಾರನ್ನ ಕೇಳಿ ಒಳಗೆ ಬಂದ್ರಿ?"

ಮೈದುನ ಹತ್ತಿರ ಬಂದು ಪಿಸುಗುಟ್ಟಿದ. "ಅತ್ತಿಗೆ, ನೀವು ಸುಮ್ನಿರಿ."

"ಇಷ್ಟು ವರ್ಷ ಸುಮ್ನೇ ಇದ್ದೆ ಕಣೋ. ಮಾತಾಡೋಕೆ ನಿಮ್ಮಣ್ಣ ಇದ್ರು. ಈಗ ಯಾರಿದಾರೆ?"

ಎಲ್ಲರನ್ನೂ ಹೊರಗೆ ಕಳಿಸಿ, ನಾನೂ ಹೊಸಿಲಾಚೆ ನಿಂತು ಟೈಲರಮ್ಮನಿಗೆ ಹೇಳಿದೆ. "ಕೇಳಮ್ಮ. ಮನೆ ಮಾರಿ ಅಂತ ಇವನು ಹೇಳ್ತಿದಾನೆ. ನಾನು ಹೂಂ ಅಂದಿಲ್ಲ. ಮುಂದೆ ಏನೇ ಆದ್ರೂ ಮೊದಲು ನಿನ್ನ ಬಾಗಿಲಿಗೆ ಬಂದು ಹೇಳ್ತೀನಿ. ಬೇರೆಯೋರ ಬಾಯಿಂದ ನಿನಗೆ ಗೊತ್ತಾಗಲ್ಲ."

ಅವಳು ಪಿನ್ನುಗಳನ್ನು ಅಂಗೈಗೆ ಉಗಿದಳು. "ಅಕ್ಕಾ, ಮಾರೇ ಬಿಟ್ರು ಅಂತ ಬೀದಿಯೆಲ್ಲ ಸುದ್ದಿ. ನೀವು ಮುಖ ಕೊಟ್ಟು ಮಾತಾಡಲಿಲ್ಲ. ನಿಜಾನೇ ಇರ್ಬೇಕು ಅಂತ ಡಬ್ಬ ತಂದಿಟ್ಟೆ. ನಲ್ಲಿ ಇವತ್ತಿಗೂ ಸೋರ್ತಿದೆ, ಬಟ್ಟೆ ಕಟ್ಟಿದೀನಿ. ನಿಮ್ಮ ದುಃಖದಲ್ಲಿ ಅದನ್ನ ಹೇಗೆ ಹೇಳೋದು ಅಂತ..."

"ನನ್ನ ಮುಖಾನೇ ಹಾಗೆ ಅಂತ ಅವರು ಹೇಳಿರ್ಲಿಲ್ವಾ?"

"ಹೇಳಿದ್ರು. ಮನೆ ತೋರಿಸಿದ ದಿನಾನೇ."

ಇಬ್ಬರಿಗೂ ನಗು ಬಂತು. ಅವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಮನೆ ನೋಡಲು ಬಂದ ಹಿರಿಯರು ಮೆಟ್ಟಿಲಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಗೋಡೆ ಹೇಗಮ್ಮ?" ಅಂದರು.

"ಮಳೆಗಾಲದಲ್ಲಿ ತೇವ."

"ಬಿಸಿಲು?"

"ಮಧ್ಯಾಹ್ನ ಬೇಯತ್ತೆ."

ಬ್ರೋಕರು ಹಣೆ ಚಚ್ಚಿಕೊಂಡ. ಹಿರಿಯರು ಮೀಸೆಯೊಳಗೇ ನಕ್ಕರು. "ಮುಂದೆ ಮಾರೋ ಮನಸ್ಸಾದ್ರೆ ನೀವೇ ಹೇಳಿ ಕಳಿಸಿ. ಇವನು ಬೇಡ" ಅಂದು ಇಳಿದು ಹೋದರು. ಮೈದುನ ಮುಖ ಊದಿಸಿಕೊಂಡು ಚಹಾ ಕುಡಿದ. ಹೊರಡುವಾಗ, "ಅಣ್ಣನ ಗಾಳಿ ನಿಮಗೂ ಬಡೀತು ಬಿಡಿ" ಅಂದ. ಬೈದನೋ ಹೊಗಳಿದನೋ. ನಾನು ಹೊಗಳಿಕೆ ಅಂತಲೇ ಇಟ್ಟುಕೊಂಡಿದ್ದೇನೆ.

ಮನೆ ಮಾರಲಿಲ್ಲ. ಪ್ಲಂಬರನ್ನು ಕರೆಸುವ ಮುಂಚೆ ಯಾವ ಹೊತ್ತು ಆಗುತ್ತೆ ಅಂತ ಟೈಲರಮ್ಮನನ್ನು ಕೇಳಿದೆ. ಆ ಸಂಜೆ ಅವಳೂ ನರ್ಸೂ ನನ್ನ ಬಾಗಿಲಲ್ಲಿ ಬಂದು ಕೂತರು. ಒಬ್ಬರು ಬಾಯಿ ಬಿಟ್ಟರೆ ಸಾಕು, ಎಲ್ಲ ಈಚೆಗೆ ಬರುತ್ತದೆ. ಸ್ನಾನಕ್ಕೆ ನಿಂತಾಗ ನೀರು ನಿಲ್ಲುತ್ತೆ, ಮೇಲಿನವರು ಚೆಲ್ಲುತ್ತಾರೆ ಅಂತ ನರ್ಸು. ಕೆಳಗಿನವರೇ ಖಾಲಿ ಮಾಡುತ್ತಾರೆ ಅಂತ ಟೈಲರಮ್ಮ. ಟ್ಯಾಂಕು ಎಲ್ಲರದ್ದೂ ಒಂದೇ. ಹತ್ತಿ ನೋಡಿದವರು ಯಾರೂ ಇಲ್ಲ. ನಾನು ನೋಡಿ ಹೇಳ್ತೀನಿ ಅಂದೆ.

ಈಗ ಬೆಳಗ್ಗೆ ಎದ್ದವಳೇ ಟೆರೇಸು ಹತ್ತುತ್ತೇನೆ. ಮಂಡಿ ಬೈಯುತ್ತದೆ. ಟ್ಯಾಂಕಿನ ಮುಚ್ಚಳ ಎತ್ತಿ ನೋಡುತ್ತೇನೆ. ಇಳಿಯುವಾಗ ಟೈಲರಮ್ಮನ ಬಾಗಿಲ ಹೊರಗೆ ನಿಂತು, "ಅರ್ಧಕ್ಕಿಂತ ಕಮ್ಮಿ ಇದೆ. ಬಟ್ಟೆ ನಾಳೆ ನೆನೆಸು" ಅನ್ನುತ್ತೇನೆ. ಹಿಂದಿನ ರೂಮಿನ ಹತ್ತಿರ ದನಿ ತಗ್ಗಿಸುತ್ತೇನೆ. ನರ್ಸು ಆಗಷ್ಟೇ ಪಾಳಿಯಿಂದ ಬಂದಿರುತ್ತಾಳೆ.

"ಸ್ನಾನ ಮಾಡ್ಕೊಂಡೇ ಮಲಕ್ಕೋಮ್ಮ. ಆಮೇಲೆ ಸಿಗಲ್ಲ."