ಅಕ್ಕ ಒತ್ತದ ಗುಂಡಿ

ಹೋದ ವಾರ ಪಕ್ಕದ ಮನೆಯವರು ಉಪ್ಸಾರಿನ ಖಾರ ಅರೆಯುತ್ತಿದ್ದರು. ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ... ಘಾಟು ಕಿಟಕಿ ದಾಟಿ ಬಂದು ಮೂಗಿಗೆ ಬಡಿದಾಗ ಒಂದು ಸಲ ಸೀನಿದೆ, ಆಮೇಲೆ ಸುಮ್ಮನೆ ಕೂತುಬಿಟ್ಟೆ. ಮೈಸೂರಿನ ಈ ಬಾಡಿಗೆ ಮನೆಯಲ್ಲಿ ಕೂತವಳ ಕಣ್ಣೆದುರಿಗೆ ಶ್ರೀರಂಗಪಟ್ಟಣದ ಹಳೇ ರಸ್ತೆಯ ಮುದ್ದೆ ಹೋಟ್ಲು ಬಂತು, ಅದರ ಒಲೆ ಮುಂದೆ ಸೆರಗು ಸಿಕ್ಕಿಸಿಕೊಂಡು ನಿಂತ ಅಕ್ಕ ಬಂದರು.

ಊರಿಗೆಲ್ಲ ಅವರು ಅಕ್ಕನೇ. ಊರಿನ ಕೋರ್ಟಿಗೆ ಬಂದ ಮುದುಕರೂ ಹಾಗೇ ಕರೆಯುತ್ತಿದ್ದರು. ಒಂದು ಕಾಲಕ್ಕೆ ಬೆಂಗಳೂರು ಮೈಸೂರು ಓಡಾಡುವ ಕಾರು, ಲಾರಿಗಳೆಲ್ಲ ಅವರ ಹೋಟ್ಲ ಮುಂದೆಯೇ ಹಾಯಬೇಕಿತ್ತು. ಹೊಸ ಹೈವೇ ಊರಾಚೆಯಿಂದ ಹೋದಮೇಲೆ ಊಟದ ಹೊತ್ತಿನಲ್ಲೂ ಬೆಂಚುಗಳು ಬಣಗುಡತೊಡಗಿದವು. ಅಕ್ಕನಿಗೆ ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಅತ್ತೆ ಬಿಟ್ಟುಹೋದ ಆ ಒಲೆ ಒಂದಿತ್ತು. "ನನ್ ಕೈಲಿ ಇದು ಆರ್‍ಬಾರ್ದು ಕಣವ್ವ, ಅಷ್ಟೇಯ" ಅನ್ನುತ್ತಿದ್ದರು.

ನಾನು ಆಗ ಊಟ ತರಿಸುವ ಮೊಬೈಲ್ ಆ್ಯಪ್ ಒಂದರಲ್ಲಿ ಕೆಲಸಕ್ಕಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರದಂಥ ಊರುಗಳಿಗೆಂದೇ ಮಾಡುತ್ತಿದ್ದ ಸಣ್ಣ ಆ್ಯಪ್. ಅದು ಜನರ ಕೈಗೆ ಹೋಗುವ ಮೊದಲು, ಬಳಸುವವರ ಪಕ್ಕ ಕೂತು, ಎಲ್ಲಿ ತಡವರಿಸುತ್ತಾರೆ, ಎಲ್ಲಿ ತಪ್ಪು ಒತ್ತುತ್ತಾರೆ ನೋಡಿ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ. ಸಹಾಯ ಮಾಡುವಂತಿಲ್ಲ, ಸುಳಿವು ಕೊಡುವಂತಿಲ್ಲ, ತಲೆಯನ್ನೂ ಆಡಿಸುವಂತಿಲ್ಲ. ಪಾಂಡವಪುರದಲ್ಲಿ ಹುಟ್ಟಿದ ಬಾಯಿಬಡುಕಿಗೆ ಬಾಯಿ ಮುಚ್ಚಿಕೊಂಡು ಕೂರುವ ಕೆಲಸ ಕೊಟ್ಟಿದ್ದರಲ್ಲ, ಆ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ!

ಹೋಟ್ಲಿನವರ ಪರೀಕ್ಷೆಗೆ ಅಕ್ಕ ಕೇಳಿದ ಕೂಡಲೇ ಒಪ್ಪಿದರು. ಹೈವೇ ಕಡೆ ತಿರುಗಿಕೊಂಡ ಗಿರಾಕಿಗಳು ಫೋನಿನಲ್ಲಾದರೂ ವಾಪಸ್ ಬಂದಾರು ಅನ್ನುವ ಆಸೆ ಅವರಿಗೆ. ಏರ್ಪಾಡು ಸುಲಭವಾಗಿತ್ತು. ಪಾಂಡವಪುರದ ಆಫೀಸಿನಲ್ಲಿ ಕೂತ ನನ್ನ ಜೊತೆಗಾರ ಸುಮ್ಮನೆ ಆರ್ಡರ್ ಹಾಕುತ್ತಾನೆ. ಅಕ್ಕ ಹಸಿರು ಗುಂಡಿ ಒತ್ತಿ ಒಪ್ಪಿಕೊಳ್ಳಬೇಕು. ಊಟ ಮುಗಿದಾಗ 'ಖಾಲಿ' ಅಂತ ಬರೆದ ಕೆಂಪು ಗುಂಡಿ ಒತ್ತಬೇಕು. ಇದು ಬರೀ ಪರೀಕ್ಷೆ, ಅಡುಗೆ ಮಾಡುವುದೇನೂ ಬೇಡ ಅಂತ ಮೊದಲೇ ಹೇಳಿದ್ದೆ.

ಮಧ್ಯಾಹ್ನ ಫೋನು ಕೂಗಿತು. ಅಕ್ಕ ಹಿಟ್ಟಾದ ಕೈಯನ್ನು ಸೆರಗಿಗೆ ಒರೆಸಿ, ಕಿರುಬೆರಳಿನಿಂದ ಹಸಿರು ಗುಂಡಿ ಒತ್ತಿದರು. ಎಲ್ಲೂ ತಡವರಿಸಲಿಲ್ಲ. ನಾನು ಖುಷಿಯಿಂದ ಬರೆದುಕೊಂಡು ತಲೆ ಎತ್ತುವಷ್ಟರಲ್ಲಿ ಅವರು ಎಸರಿಗೆ ಹಿಟ್ಟು ಸುರಿದು ಮುದ್ದೆ ಕೋಲು ತಿರುವತೊಡಗಿದ್ದರು.

"ಅಕ್ಕ, ಇದು ಸುಳ್ಳು ಆರ್ಡ್ರು ಕಣಕ್ಕ. ಮಾಡೋದು ಬ್ಯಾಡ" ಅಂದೆ. ಬಾಯಿ ಮುಚ್ಚಿಕೊಂಡಿರುವ ನಿಯಮ ಅಲ್ಲಿಗೆ ಮುಗಿಯಿತು.

"ಉಣ್ಣಕ್ಕೆ ಕೇಳಿದ್ಮೇಲೆ ಅದ್ಯಂಗವ್ವ ಸುಳ್ಳಾಯ್ತದೆ?"

ಒಂದಾದ ಮೇಲೊಂದು ಆರ್ಡರ್ ಬಂತು. ಪ್ರತಿಯೊಂದಕ್ಕೂ ಬಿಸಿ ಮುದ್ದೆಯನ್ನು ಬಾಳೆಲೆಯಲ್ಲಿ ಸುತ್ತಿ, ಡಬ್ಬಿಗೆ ಉಪ್ಸಾರು ಬಿಟ್ಟು, ಬೆಂಚಿನ ಮೇಲೆ ಸಾಲಾಗಿ ಇಡುತ್ತಾ ಹೋದರು. ಕೊನೆಗೆ ಪಾತ್ರೆಯಲ್ಲಿ ಒಂದು ಮುದ್ದೆ ಉಳಿಯಿತು. ಅದಕ್ಕೆ ತಟ್ಟೆ ಮುಚ್ಚಿ ಕೂತರು. ಈಗ ಕೆಂಪು ಗುಂಡಿ ಒತ್ತುತ್ತಾರೆ ಅಂತ ಪೆನ್ನು ಹಿಡಿದು ಕಾದೆ. ಒತ್ತಲಿಲ್ಲ.

"ಯಾಕಕ್ಕ?"

"ಅದೆಯಲ್ಲವ್ವ ಇನ್ನೂ ಒಂದು. ಕಡೇಲಿ ಬಂದೋರ್ಗೆ."

ಯಾರಾದರೂ ಬರಲಿ, ಬಾರದಿರಲಿ, ದಿನಾ ಒಂದು ಮುದ್ದೆ ಹಾಗೆ ಮುಚ್ಚಿಡುವುದು ಅತ್ತೆ ಕಾಲದಿಂದ ನಡೆದುಬಂದದ್ದಂತೆ. ಒಲೆ ಮುಂದೆ ಖಾಲಿ ಅನ್ನುವುದು ಶ್ರೇಯಸ್ಸಲ್ಲವಂತೆ. ಅಷ್ಟರಲ್ಲಿ ಪಾಂಡವಪುರದ ಮಹಾರಾಯ, ಹೋಟ್ಲು ಇನ್ನೂ ಖಾಲಿಯಾಗಿಲ್ಲವಲ್ಲ ಅಂತ ಇನ್ನೊಂದು ಆರ್ಡರ್ ಹಾಕಿದ. ಅಕ್ಕ ಮುಚ್ಚಿಟ್ಟದ್ದನ್ನೇ ಕಟ್ಟಿ, ಅದರ ಜಾಗಕ್ಕೆ ಬೇರೆ ಮಾಡಲು ಎಸರಿಟ್ಟರು. ಅವನು ಮತ್ತೆ ಹಾಕಿದ, ಇವರು ಮತ್ತೆ ಎಸರಿಟ್ಟರು... ನಗು ತಡೆಯಲಾರದೆ ಕೊನೆಗೆ ನಾನೇ ಫೋನ್ ಮಾಡಿ ಅವನನ್ನು ನಿಲ್ಲಿಸಿದೆ. ಅಷ್ಟೂ ಊಟ ಹೊತ್ತುಕೊಂಡು ಪಾಂಡವಪುರಕ್ಕೆ ಹೋದೆ. ಆಫೀಸಿನವರೆಲ್ಲ ಬೆರಳು ಚೀಪಿಕೊಂಡು ಉಂಡರು.

ಉಂಡಾದ ಮೇಲೆ ನಾನು ಕಂಡದ್ದನ್ನೆಲ್ಲ ಹೇಳಿದೆ. ಹೋಟ್ಲಿನವರು ಖಾಲಿ ಒತ್ತದೇ ಹೋದರೆ ಆರ್ಡರ್ ಹಾಕಿದವರು ಕಾದು ಕಾದು ಬಯ್ಯುತ್ತಾರಲ್ಲ, ಅದಕ್ಕೊಂದು ಉಪಾಯ ಹುಡುಕಿದರು. ಊಟ ಹೊರಡುವುದು ಪದೇ ಪದೇ ತಡವಾದರೆ ಆ್ಯಪೇ ತಾನಾಗಿ ಆ ಹೋಟ್ಲನ್ನು ಖಾಲಿ ಅಂತ ತೋರಿಸುವುದು. ಹಸಿದು ಕೂತವರ ಕಡೆಯಿಂದ ನೋಡಿದರೆ ಅದು ಸರಿಯೇ ಇತ್ತು, ಈಗಲೂ ಹಾಗೇ ಅನ್ನುತ್ತೇನೆ.

ಆ್ಯಪ್ ಶುರುವಾಯಿತು. ಮೊದಮೊದಲು ಅಕ್ಕನಿಗೆ ಒಳ್ಳೇ ಆರ್ಡರ್ ಬಂದವು, ಮತ್ತೆ ಒಲೆ ತುಂಬ ಸೌದೆ ಉರಿಯಿತು. ಆದರೆ ಪಾತ್ರೆಯಲ್ಲಿದ್ದದ್ದು ಮುಗಿದ ಮೇಲೂ ಅವರು ಆರ್ಡರ್ ಒಪ್ಪಿಕೊಂಡು ಹೊಸದಾಗಿ ಎಸರಿಡುತ್ತಿದ್ದರು. ತಡವಾಗುತ್ತಿತ್ತು. ಒಂದು ಮಧ್ಯಾಹ್ನ ಅವರ ಫೋನು ಬಂತು.

"ನಮ್ ಓಟ್ಲು ಖಾಲಿ ಅಂತ ತೋರ್‍ಸ್ತಾ ಅದಂತೆ. ನಾನು ಒತ್ತಿಲ್ಲ ಕಣವ್ವ. ಯಾರು ಒತ್‍ಬುಟ್ರು?"

"ಯಾರೂ ಒತ್ತಿಲ್ಲ ಅಕ್ಕ. ತಡ ಆದ್ರೆ ಆ್ಯಪೇ ಹಂಗೆ ತೋರ್ಸುತ್ತೆ."

ಆ ಕಡೆಯಿಂದ ಎಸರು ಕುದಿಯುವ ಸದ್ದು ಕೇಳಿಸುತ್ತಿತ್ತು.

"ಅದ್ಕೇನ್ ಗೊತ್ತವ್ವ, ಒಲೆ ಉರೀತಾ ಅದೆ ಅಂತ?"

ಮೇಲಿನವರನ್ನು ಕೇಳಿಕೊಂಡೆ, ಜಗಳವನ್ನೂ ಆಡಿದೆ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಮಾಡಲಾಗುವುದಿಲ್ಲ ಅಂದರು. ಆ ಆ್ಯಪೂ ಬಹಳ ಕಾಲ ಬಾಳಲಿಲ್ಲ. ನಾನು ಬೇರೆ ಕೆಲಸ ಹಿಡಿದು ಮೈಸೂರಿಗೆ ಬಂದೆ. ಅಕ್ಕ ಹೋಟ್ಲು ಮುಚ್ಚಿ ಬೆಳಗೊಳದ ತಮ್ಮನ ಮನೆ ಸೇರಿದರು ಅಂತ ಯಾರೋ ಹೇಳಿದರು. ಹೋಗಬೇಕು, ಹೋಗಬೇಕು ಅಂದುಕೊಳ್ಳುತ್ತಲೇ...

ಮೊನ್ನೆ ಭಾನುವಾರ ಹೋದೆ. ಅಕ್ಕ ಇರಲಿಲ್ಲ. ಚಳಿಗಾಲದಲ್ಲೇ ತೀರಿಕೊಂಡಿದ್ದರು. ತಮ್ಮನ ಹೆಂಡತಿ ಜಗಲಿಯಲ್ಲಿ ಕೂರಿಸಿ ಹೇಳಿದರು.

"ಇಲ್ಗೆ ಬಂದ್ಮೇಲೂ ಬುಡ್ಲಿಲ್ಲ ಕಣಮ್ಮ. ದಿನಾ ಒಂದು ಮುದ್ದೆ ಮುಚ್ಚಿಡೋರು. ಯಾರ್ ಬತ್ತಾರೆ ಅಂತ ಇಡ್ತೀಯೆ ಅಂತ ನಾನು ಬಯ್ತಿದ್ದೆ. ಎದೆ ನೋವು ಅಂತ ಆಸ್ಪತ್ರೆಗೆ ಸೇರ್‍ಸಿದ ದಿನ ಸಾಯಂಕಾಲ ನಾನೊಬ್ಳೇ ಮನೆಗೆ ಬಂದೆ. ಬೆಳಗಿಂದ ಏನೂ ಉಂಡಿರ್‍ಲಿಲ್ಲ. ತಟ್ಟೆ ಎತ್ತಿ ನೋಡ್ತೀನಿ, ಮುದ್ದೆ ಅದೆ. ಅಳ್ತಾ ಅಳ್ತಾ ಉಂಡ್‍ಬುಟ್ಟೆ. ಅಕ್ಕ ವಾಪಸ್ ಬರ್‍ಲೇ ಇಲ್ಲ."

ಈಗ ನೀವು ಮುಚ್ಚಿಡುತ್ತೀರಾ ಅಂತ ಕೇಳಿದೆ.

"ಇಲ್ಲ ಕಣಮ್ಮ. ಎಷ್ಟ್ ಜನವೋ ಅಷ್ಟೇ ಮಾಡ್ತೀವಿ."

ಅದರಲ್ಲಿ ತಪ್ಪೇನಿದೆ? ನಾನೂ ಅಷ್ಟೇ, ನನ್ನೊಬ್ಬಳಿಗೆ ಅಳೆದು ಮಾಡುವವಳು. ಹೊರಟಾಗ ಆಕೆ, "ಉಂಡ್ಕೊಂಡೋಗ್ರಮ್ಮ" ಅಂದರು. ಊಟದ ಹೊತ್ತು ಮೀರಿತ್ತು. ಅಡುಗೆಮನೆಯಲ್ಲಿ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದು ಜಗಲಿಗೇ ಕಾಣುತ್ತಿತ್ತು. ನನಗೆ ಹೊಟ್ಟೆ ಚುರುಗುಡುತ್ತಿತ್ತು. "ನಂದು ಊಟ ಆಯ್ತು ಬುಡಿ" ಅಂದು ಬಸ್ಸು ಹತ್ತಿದೆ.