ಬೇಡವೆಂದವರಿಗೆ ಬರೆದ ಕಾಗದಗಳು

ಸೋಮವಾರ, ಬೆಳಿಗ್ಗೆ ಆರೂಕಾಲು. ಯಲ್ಲದಕೆರೆಯ ಮನೆಯ ಪಡಸಾಲೆಯಲ್ಲಿ ಸುಬೇದಾರರ ಹೆಂಡತಿ, ಮಗಳು, ನಾನು. ರಾತ್ರಿ ತೀರಿಕೊಂಡ ಸುಬೇದಾರರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮುಖವೆಲ್ಲ ಬಿಸಿಲಿಗೆ ಕಪ್ಪಾಗಿದ್ದರೂ ಹಣೆಯ ಮೇಲೆ ಟೋಪಿ ಕೂರುತ್ತಿದ್ದ ನಾಲ್ಕು ಬೆರಳಿನಷ್ಟು ಜಾಗ ಬೆಳ್ಳಗಿತ್ತು. ನಿವೃತ್ತಿಯಾದ ಮೇಲೂ ಟೋಪಿಯಿಲ್ಲದೆ ಹೊಲಕ್ಕೆ ಹೋದವರಲ್ಲ.

ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ನಾವಿಬ್ಬರೂ ಪರದೇಶವೊಂದರಲ್ಲಿ ಶಾಂತಿ ಕಾಯಲು ಹೋಗಿದ್ದೆವು. ಅವರು ತುಕಡಿಯ ಸುಬೇದಾರರು, ನಾನು ದಿನಚರಿ ಬರೆಯುವ ಗುಮಾಸ್ತ. ಬೇಲಿಯಾಚೆ ಮನೆ ಬಿಟ್ಟು ಓಡಿಬಂದವರ ಬಿಡಾರಗಳಿದ್ದವು. ಅಲ್ಲಿನ ಒಬ್ಬ ಹೆಂಗಸು ನಮ್ಮ ಹರಿದ ಅಂಗಿಗಳನ್ನು ಹೊಲಿದುಕೊಡುತ್ತಿದ್ದಳು. "ನಾವಿರೋ ತಂಕ ನಿಮ್ಗೇನೂ ಆಗಲ್ಲಮ್ಮ" ಎಂದು ಸುಬೇದಾರರು ದುಭಾಷಿಯಿಂದ ಅವಳಿಗೆ ಹೇಳಿಸಿದ್ದರು.

ನಮ್ಮ ಅವಧಿ ಮುಗಿಯುತ್ತ ಬಂತು. ಮುಂದುವರಿಸಲು ಭದ್ರತಾ ಮಂಡಳಿಯಲ್ಲಿ ಉಳಿದವರು ಒಪ್ಪಿದರೂ, ಒಬ್ಬರೇ ತಡೆಯಬಲ್ಲ ವೀಟೋ ಅಧಿಕಾರವಿರುವ ಐದು ದೇಶಗಳಲ್ಲಿ ಒಂದು ಬೇಡವೆಂದಿತು. ಅಷ್ಟೇ. ಹೊರಡುವ ದಿನ ಆ ಹೆಂಗಸು ಅಂಗಿಗಳನ್ನೆಲ್ಲ ಮಡಚಿ ಗೇಟಿಗೆ ತಂದಳು. ಅರ್ಧ ಹೊಲಿದದ್ದೂ ಅದರಲ್ಲಿತ್ತು. "ಬೇಡ ಅಂದವರು ನಮ್ಮನ್ನು ಒಂದು ಸಲವಾದರೂ ನೋಡಿದ್ದಾರಾ?" ಎಂದು ಕೇಳಿದಳು. ಸುಬೇದಾರರು ಅಂಗಿಗಳನ್ನು ತೆಗೆದುಕೊಂಡು ಲಾರಿ ಹತ್ತಿದರು. ಎರಡು ವಾರದಲ್ಲಿ ಬಿಡಾರಗಳು ಸುಟ್ಟುಹೋದವೆಂದು ತಿಳಿಯಿತು. ಅವಳೇನಾದಳೋ ತಿಳಿಯಲಿಲ್ಲ.

ಊರಿಗೆ ಬಂದ ಮೇಲೆ, ಪೇಪರಿನಲ್ಲಿ ವೀಟೋ ಸುದ್ದಿ ಕಂಡಾಗಲೆಲ್ಲ ಅದನ್ನು ಹಾಕಿದ ದೇಶದ ರಾಯಭಾರ ಕಚೇರಿಗೆ ಒಂದು ಕಾಗದ. ಸುಬೇದಾರರು ಹೇಳುವರು, ನಾನು ಇಂಗ್ಲಿಷಿನಲ್ಲಿ ಬರೆಯುವೆ. ಪ್ರಶ್ನೆ ಒಂದೇ: ನೀವು ಬೇಡವೆಂದ ಮೇಲೆ ಅಲ್ಲಿಯ ಜನ ಏನಾದರು? ಯಾವ ದೇಶಕ್ಕೂ ರಿಯಾಯಿತಿ ಇರಲಿಲ್ಲ. ಹಿರಿಯೂರಿನ ಅಂಚೆ ಕಚೇರಿಯ ಹೆಣ್ಣುಮಗಳು ರೇಗಿಸುತ್ತಿದ್ದಳು: "ಮಗಳಿಗೆ ಬರ್ದಿದ್ರೆ ಇಷ್ಟೊತ್ತಿಗೆ ನಾಕು ಉತ್ತರ ಬರ್ತಿದ್ವು, ಸಾಹೇಬ್ರೆ."

"ಮಗ್ಳು ಫೋನ್ ಮಾಡ್ತಾಳೆ ಕಣವ್ವ. ಈ ರಾಯಭಾರದೋರು ಫೋನೂ ಎತ್ತಲ್ಲ."

ವೀಟೋ ಬಿದ್ದಾಗಲೆಲ್ಲ ಎಲ್ಲ ದೇಶಗಳ ಮಹಾಸಭೆ ಸೇರಿ ಚರ್ಚಿಸಬೇಕೆಂದು ನಿರ್ಣಯವಾದ ದಿನ ನನಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿದರು. ನಾಲ್ಕಾರು ಸಭೆಗಳಾದ ಮೇಲೆ ಆ ಸಂತೋಷವೂ ಇಳಿಯಿತು. "ಬರ್ತಾರೆ, ಕಾರಣ ಹೇಳ್ತಾರೆ, ಎದ್ದು ಹೋಗ್ತಾರೆ. ಸತ್ತೋರ ಮಾತು ಯಾರೆತ್ತುತಾರ್ಲೇ?"

ಹೋದ ತಿಂಗಳು ಹಾಸಿಗೆ ಹಿಡಿದಿದ್ದಾಗ ಕೇಳಿದರು: "ನಾವು ಹೊಂಟ ದಿನ ಡೈರ್ಯಾಗೆ ಏನ್ ಬರ್ದಿದ್ದೆ?"

"'ತೆರವು ಮುಗಿಯಿತು, ಎಲ್ಲ ಶಾಂತ' ಅಂತ."

"ಆಯಮ್ಮ ಕೇಳಿದ್ದು?"

"ಬರೀಲಿಲ್ಲ ಸಾಹೇಬ್ರೆ."

"ನಾನೂ ಸಹಿ ಹಾಕಿದ್ನಲ್ಲ ಅದಕ್ಕೆ. ಜಗತ್ತನ್ನೆಲ್ಲ ಕೇಳ್ತಾ ಕುಂತಿದ್ವಿ, ನಾವೇ ಹೇಳ್ಲಿಲ್ಲ ನೋಡು. ಈಗ ಬರ್ಕೊಂಡು ಬಾ. ಇಬ್ರೂ ಸಹಿ ಹಾಕಾಣ."

ಆಗಲಿ ಎಂದೆ. ಐದಕ್ಕೆ ಎದ್ದು, ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಪೇಪರು ಎಂದು ಗಡಿಯಾರ ನೋಡಿ ಬದುಕುವ ನನಗೆ ಇದೊಂದಕ್ಕೆ ಹೊತ್ತು ಸಿಗಲಿಲ್ಲ. ಕೈ ಬರಲಿಲ್ಲ ಎನ್ನುವುದೇ ಸರಿ. ಅವರು ಎರಡು ಸಲ ಫೋನ್ ಮಾಡಿದರು. ಎರಡು ಸಲವೂ "ನಾಳೆ" ಎಂದೆ.

ಸೋಮವಾರ ಮಧ್ಯಾಹ್ನದೊಳಗೆ ಮಣ್ಣು ಮುಗಿಯಿತು. ಮನೆಗೆ ಬಂದು ಸ್ನಾನ ಮಾಡಿ ಬರೆಯಲು ಕುಳಿತೆ. ಗೇಟು, ಹೆಂಗಸು, ಅವಳ ಪ್ರಶ್ನೆ, ನಮ್ಮ ಮೌನ. ವಿಶ್ವಸಂಸ್ಥೆಯ ಶಾಂತಿಪಾಲನೆ ವಿಭಾಗಕ್ಕೆಂದು ವಿಳಾಸ ಬರೆದು, ಸಹಿಯ ಜಾಗದಲ್ಲಿ ನಾನೊಬ್ಬನೇ ಸಹಿ ಹಾಕಿದೆ. ಅಂಚೆ ಕಚೇರಿ ಮುಚ್ಚುವ ಮೊದಲು ಹಿರಿಯೂರಿಗೆ ಹೋಗಿ ಕೊಟ್ಟು ಬಂದೆ.

ಅದನ್ನು ಬರೆಯಲು ಹಿಡಿದದ್ದು ಇಪ್ಪತ್ತು ನಿಮಿಷ.