ಅವ್ವನ ಲಿಂಗ ಕಳೆದ ಭಾನುವಾರ

ಆ ವರ್ಷಗಳಲ್ಲಿ ಸಿಂಗಾಪುರದಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಬೆಡೋಕ್‌ನ ನಮ್ಮ ಬ್ಲಾಕಿಗೆ ತಿಂಗಳಿಗೊಂದು ಹೊಸ ಕನ್ನಡ ಸಂಸಾರ ಬರುತ್ತಿತ್ತು, ಅವರ ಹಿಂದೆಯೇ ಊರಿನಿಂದ ಅಪ್ಪ ಅಮ್ಮಂದಿರು. ಬಂದ ಹಿರಿಯರನ್ನೆಲ್ಲ ಒಂದು ಬಸ್ಸಿಗೆ ತುಂಬಿ, ಒಂದೇ ಭಾನುವಾರದಲ್ಲಿ ಇಡೀ ಸಿಂಗಾಪುರ ತೋರಿಸಿ ಮುಗಿಸುವುದು ನಮ್ಮ ಪದ್ಧತಿ. ಆ ಸಲ ಬಸ್ಸು ಗೊತ್ತು ಮಾಡಿದವಳು ನಾನು. ಪಾಯಾ ಲೆಬಾರ್‌ನ ಆಫೀಸಿನಲ್ಲಿ ಪ್ರಾಜೆಕ್ಟುಗಳಿಗೆ ವೇಳಾಪಟ್ಟಿ ಹಾಕುವುದೇ ನನ್ನ ಕೆಲಸ. ಅದೇ ಜಂಬದಲ್ಲಿ ಪ್ರವಾಸಕ್ಕೂ ನಿಮಿಷ ನಿಮಿಷದ ಪಟ್ಟಿ ಮಾಡಿದ್ದೆ. ಅದರಲ್ಲಿ, ಊರಿನಿಂದ ಬಂದಿದ್ದ ನನ್ನ ಅವ್ವನ ಪೂಜೆಗೆ ಹೊತ್ತಿಟ್ಟಿರಲಿಲ್ಲ.

ಅವ್ವ ಬಾಗಲಕೋಟೆ ಕಡೆಯವಳು. ಇಷ್ಟಲಿಂಗವನ್ನು ಬಿಳಿ ವಸ್ತ್ರದಲ್ಲಿ ಗಂಟು ಕಟ್ಟಿ ಕೊರಳಲ್ಲಿ ಧರಿಸುತ್ತಿದ್ದಳು. ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ಹನಿ ನೀರೂ ಮುಟ್ಟುವವಳಲ್ಲ. ಅವತ್ತು ಅವಳ ಸ್ನಾನ ಮುಗಿಯುವಷ್ಟರಲ್ಲೇ ಬಸ್ಸು ಬಂದು ನಿಂತಿತ್ತು.

"ಮೊದಲ್ನೇ ಸ್ಟಾಪ್ ತ್ವಾಟನ ಐತಿ ಅವ್ವಾ, ಪೂಜಿ ಅಲ್ಲೇ ಮಾಡ್ಕೊ," ಎಂದೆ.

"ಆತೇಳು. ಶಿವಗ ಜಾಗಾ ಯಾವುದಾದ್ರೇನು," ಎಂದು ಹೂವು, ವಿಭೂತಿ ಕಟ್ಟಿಕೊಂಡು ಹೊರಟಳು.

ಬೊಟಾನಿಕ್ ಗಾರ್ಡನ್ನಿನಲ್ಲಿ ಉಳಿದವರು ಹುಲ್ಲಿನ ಮೇಲೆ ಕೂತು ಉಪ್ಪಿಟ್ಟು, ಬಾಳೆಹಣ್ಣು ತಿಂದರು. ಅವ್ವ ದೂರದ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಪೂಜೆ ಮುಗಿದು, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಇನ್ನೇನು ಕೊರಳಿಗೆ ಕಟ್ಟಿಕೊಳ್ಳಬೇಕು, ಅಷ್ಟರಲ್ಲಿ ಗ್ರೂಪ್ ಫೋಟೋದ ಕರೆ ಬಂತು. ಕ್ಯಾಮೆರಾ ಹಿಡಿದಿದ್ದ ಬೆಂಗಳೂರಿನವರು ಕೂಗಿದರು: "ಬನ್ನಿ ಆಂಟಿ, ಎಲ್ಲರೂ ನಿಮಗೋಸ್ಕರಾನೇ ವೇಟ್ ಮಾಡ್ತಿದ್ದಾರೆ!"

"ತಾ ಇಲ್ಲೆ, ನಾ ಹಿಡ್ಕೋತೀನಿ," ಎಂದೆ. ಅವ್ವನ ಮುಷ್ಟಿ ಬಿಚ್ಚಲಿಲ್ಲ.

"ಅವ್ವಾ, ಹದಿನೆಂಟ ಮಂದಿ ನಿಂತಾರ!" ನನ್ನ ದನಿ ಏರಿತ್ತು. ಮುಷ್ಟಿ ಬಿಚ್ಚಿತು. ಆ ಲಿಂಗವನ್ನು ಅವಳು ಇನ್ನೊಬ್ಬರ ಕೈಗೆ ಕೊಟ್ಟದ್ದು ಅದೇ ಮೊದಲು.

ಪೂಜೆಯ ಹೂವು ಬೆಂಚಿನ ಮೇಲೆ ಹರಡಿತ್ತು. ಕಸ ಬಿಟ್ಟರೆ ದಂಡ ಎಂಬ ಭಯ ಇಲ್ಲಿ ನಮಗೆಲ್ಲ ಮೈಗೆ ಹತ್ತಿದೆ. ಹೂವು ಬಾಚಿ ಒಂದು ಕವರಿಗೆ ಹಾಕಿದೆ. ಕೈ ಬಿಡುವಿರಲೆಂದು ಲಿಂಗದ ಗಂಟನ್ನೂ ಅದರಲ್ಲೇ ಇಟ್ಟೆ, ಆಮೇಲೆ ತೆಗೆದರಾಯಿತೆಂದು. ಫೋಟೋ ಮುಗಿದ ಮೇಲೆ ಎಲ್ಲರ ಪೇಪರ್ ತಟ್ಟೆ, ಬಾಳೆಹಣ್ಣಿನ ಸಿಪ್ಪೆ ಒಟ್ಟು ಮಾಡಿದೆ. ಕೈಯಲ್ಲಿದ್ದ ಕವರುಗಳನ್ನೆಲ್ಲ ಕಸದ ಡಬ್ಬಿಗೆ ತುರುಕಿ ಬಸ್ಸು ಹತ್ತಿದೆ. "ಎಷ್ಟು ನೀಟಪ್ಪ ನೀವು," ಎಂದರು ಯಾರೋ. ನನಗೆ ಖುಷಿಯಾಯಿತು.

ಬಸ್ಸಿನಲ್ಲಿ ಅವ್ವ ಕೈ ಚಾಚಿದಳು. "ಕೊಡವ್ವಾ."

ಬ್ಯಾಗನ್ನು ಮೂರು ಸಲ ತಡಕಿದೆ. ಆಮೇಲೆ ನೆನಪಾಯಿತು. ಅವಳ ಕಿವಿಯ ಹತ್ತಿರ ಬಗ್ಗಿ, ಆದದ್ದನ್ನು ಹೇಳಿದೆ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಬಸ್ ತಿರುಗಸಂತ ಹೇಳು," ಎಂದಳು.

ಅಷ್ಟರಲ್ಲಿ ನದಿ ದಂಡೆ ಬಂದಿತ್ತು. ಟ್ಯಾಕ್ಸಿಗಳ ಸಾಲು ಕಣ್ಣೆದುರೇ ಇತ್ತು, ತೋಟಕ್ಕೆ ಹತ್ತು ಹದಿನೈದು ನಿಮಿಷದ ದಾರಿ. ದೋಣಿಯ ಟಿಕೆಟ್ಟುಗಳನ್ನು ಯಾರ ಕೈಗಾದರೂ ಕೊಟ್ಟು ಓಡಬಹುದಿತ್ತು. ನಾನು ಓಡಲಿಲ್ಲ. ಅವ್ವನ ಲಿಂಗವನ್ನು ಕಸದ ಡಬ್ಬಿಗೆ ಹಾಕಿ ಬಂದೆನೆಂದು ಅಷ್ಟು ಜನರೆದುರು ಹೇಳಲು ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

"ಸಂಜಿಗೆ ಹೋಗಿ ನೋಡೂಣು. ಸಿಗಲಿಲ್ಲಂದ್ರ ಮಠದಾಗ ಸ್ವಾಮಿಗೋಳು ಇನ್ನೊಂದು ಕೊಡ್ತಾರ," ಎಂದೆ.

ಅವ್ವ ನನ್ನನ್ನೇ ನೋಡಿದಳು. ಆಮೇಲೆ ಎದ್ದು ಬಸ್ಸಿಳಿದಳು.

ದೋಣಿ ಹತ್ತಿದೆವು. ಬಿಳಿ ಕಂಬಗಳ ಹಳೇ ಕಟ್ಟಡಗಳನ್ನು ಗೈಡ್ ತೋರಿಸಿದ, ಇಂಗ್ಲಿಷರು ಬಂದಿಳಿದ ಜಾಗ ತೋರಿಸಿದ. ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ಅವ್ವ ಸೆರಗನ್ನು ಕೊರಳ ತುಂಬ ಹೊದ್ದು ಎಲ್ಲರ ಹಿಂದೆ ನಡೆದಳು. ಬರಿಗೊರಳನ್ನು ಮುಚ್ಚಿಕೊಂಡಿದ್ದಾಳೆ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಊಟಕ್ಕೆ ಕೂತಾಗ ಎಲೆ ಮುಟ್ಟಲಿಲ್ಲ. ಪಕ್ಕದವರು ಒತ್ತಾಯ ಮಾಡಿದರೆ, "ಇವತ್ತ ನಂದು ಉಪಾಸ ಐತ್ರಿ," ಎಂದು ನಕ್ಕಳು. ನನ್ನ ಮಾನ ಉಳಿಸಲು ಅವಳು ಹೇಳಿದ ಸುಳ್ಳು ಅದು. ನಾನು ಊಟ ಮಾಡಿದೆ.

ಸಂಜೆ ಎಲ್ಲರನ್ನೂ ಇಳಿಸಿ, ಅವ್ವನನ್ನು ಟ್ಯಾಕ್ಸಿಯಲ್ಲಿ ತೋಟಕ್ಕೆ ಕರೆದುಕೊಂಡು ಹೋದೆ. ಡಬ್ಬಿಗೆ ಹೊಸ ಚೀಲ ಹಾಕಿದ್ದರು, ಅದು ಖಾಲಿಯಿತ್ತು. ಆದರೂ ಮೊಣಕೈವರೆಗೆ ಕೈ ಹಾಕಿ ತಡಕಿದೆ. ಗುಡಿಸುತ್ತಿದ್ದ ಚೀನೀ ಅಜ್ಜಿಯನ್ನು ಕೇಳಿದಾಗ, ಗಾಡಿ ಮಧ್ಯಾಹ್ನ ಬಂದು ಒಯ್ದಿತೆಂದು ಸನ್ನೆ ಮಾಡಿದಳು. ಅಂದರೆ ನಾವು ದೋಣಿಯಲ್ಲಿದ್ದಾಗ ಅದು ಅಲ್ಲೇ ಇತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ನನಗೆ ಬುದ್ಧಿ ಬೆಳಿಗ್ಗೆಯೇ ಇತ್ತು, ಮನಸ್ಸಿರಲಿಲ್ಲ.

ಮನೆಗೆ ಬಂದವಳೇ ಅವ್ವ ಗೋಡೆಗೊರಗಿ ನೆಲದ ಮೇಲೆ ಕೂತಳು. ಹಾಲು ಕಾಯಿಸಿ ತಂದು, ಒಂದು ಗುಟುಕಾದರೂ ಕುಡಿ ಎಂದು ಕಾಲು ಹಿಡಿದೆ.

"ಕೊರಳಾಗ ಇಲ್ದ ಹೆಂಗ ಇಳೀತೈತಿ ಮಗಳ," ಎಂದಳು. ಸಿಟ್ಟಿರಲಿಲ್ಲ. ನನ್ನ ಕೊರಳನ್ನು ನೋಡಿ ಕೇಳಿದಳು: "ನಿಂದೆಲ್ಲೈತಿ?"

ನಾನು ಹುಟ್ಟಿದಾಗ ನನಗೂ ಒಂದು ಕಟ್ಟಿದ್ದರು. ಇಲ್ಲಿಗೆ ಬರುವಾಗ ಅವ್ವನೇ ಒಂದು ಡಬ್ಬಿಯಲ್ಲಿಟ್ಟು ಕೊಟ್ಟಿದ್ದಳು. ಇಲ್ಲಿ ಮೊದಲಿದ್ದ ಬುಕಿತ್ ಬಾಟೋಕ್‌ನ ಬಾಡಿಗೆ ಮನೆಯಲ್ಲಿ ಅದನ್ನು ಕಂಡ ನೆನಪು. ಅಲ್ಲಿಂದ ಶಿಫ್ಟ್ ಆಗುವಾಗ ಬಂತೋ, ಬಿಟ್ಟುಹೋಯಿತೋ. ಎಷ್ಟು ವರ್ಷವಾಯಿತೆಂದೂ ಹೇಳಲಾರೆ. ಕಳೆದಿದೆ ಎಂಬುದೂ ತಿಳಿಯದೆ ದಿನಕ್ಕೆ ಮೂರು ಹೊತ್ತು ಉಂಡಿದ್ದೆ.

"ಗೊತ್ತಿಲ್ಲವ್ವಾ," ಎಂದೆ.

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಅವ್ವ ಆಗ ಅತ್ತಳು.